ದಪ್ಪ ರೆಟ್ರೊ ಫಾಂಟ್‌ಗೆ ಸ್ಟ್ರೋಕ್ ಕೊಟ್ಟರೆ ಅಕ್ಷರದೊಳಗೆಲ್ಲ ಗೆರೆ

ದುಂಡಕ್ಷರ: ತಲೆ ಕೆಟ್ಟುಹೋಗಿದೆ. ಉಬ್ಬಿದ ರೆಟ್ರೊ ಫಾಂಟ್, ಬರೀ ಫಿಲ್ (ಒಳಗಿನ ಬಣ್ಣ) ಇದ್ದಾಗ ಚೆನ್ನಾಗೇ ಇದೆ. 6 ಪಾಯಿಂಟ್ ಸ್ಟ್ರೋಕ್ (ಅಂಚಿನ ಗೆರೆ) ಕೊಟ್ಟ ಕೂಡಲೇ ಇಂಗ್ಲಿಷ್ ಆರ್, ಕೆ, ಟಿ ಒಳಗೆ ಅಡ್ಡಾದಿಡ್ಡಿ ಗೆರೆ. ಸ್ಟ್ರೋಕ್ ತೆಗೆದರೆ ಮಾಯ. ಫಾಂಟ್ ತೆಗೆದು ಮತ್ತೆ ಹಾಕಿದ್ದೂ ಆಯ್ತು. ಏನಿದು?

ಬ್ಲೇಡ್45: ಮೈಟರ್ ಜಾಯಿನ್, ಅಂದ್ರೆ ಸ್ಟ್ರೋಕಿನ ಮೂಲೆ ಚೂಪಾಗಿ ಸೇರೋದು. ರೌಂಡ್ ಮಾಡಿ, ಇಂಥ ಅಕ್ಷರಕ್ಕೆ ಅದೇ ಒಪ್ಪೋದು.

ದುಂಡಕ್ಷರ: ಮಾಡಿದೆ. ಮೂಲೆ ದುಂಡಗಾಯ್ತು, ಗೆರೆ ಹಾಗೇ ಇದೆ.

ಬ್ಲೇಡ್45: ಹಾಗಾದ್ರೆ ಮೈಟರ್ ಲಿಮಿಟ್ (ಚೂಪು ಎಷ್ಟು ಉದ್ದ ಚಾಚಬಹುದು ಅನ್ನೋ ಮಿತಿ) 1ಕ್ಕೆ ಇಳಿಸಿ.

ನೋಡ್‌ಪಾಯಿಂಟ್: ರೌಂಡ್ ಇದ್ದ ಮೇಲೆ ಲಿಮಿಟ್‌ಗೆ ಕೆಲಸವೇ ಇಲ್ಲ. ಮೈಟರ್ ತೊಂದರೆ ಆದ್ರೆ ಮೂಲೆಯಿಂದ ಹೊರಕ್ಕೆ ಮುಳ್ಳು ಬರುತ್ತೆ, ಒಳಗಲ್ಲ. ಯಾವ ಸಾಫ್ಟ್‌ವೇರ್? ಫಾಂಟ್ ವೇರಿಯಬಲ್ಲೋ (ಒಂದೇ ಫೈಲಲ್ಲಿ ದಪ್ಪ ಬದಲಿಸಬಹುದಾದ್ದು) ಸ್ಟ್ಯಾಟಿಕ್ಕೋ (ಒಂದೇ ದಪ್ಪದ್ದು)?

ಇಂಕ್‌ಟ್ರ್ಯಾಪ್: ಕೂಪರ್ ಬ್ಲ್ಯಾಕ್ ಸ್ಟ್ಯಾಟಿಕ್ ಫೈಲ್ ಹಾಕಿ ನೋಡಿ, ಗೊತ್ತಾಗುತ್ತೆ.

ಬ್ಲೇಡ್45: 70ರ ದಶಕದ ಫಾಂಟ್ ಅದು, ಈ ರಗಳೆ ಇರಲ್ಲ.

ಇಂಕ್‌ಟ್ರ್ಯಾಪ್: 70ರ ದಶಕದಲ್ಲಿ ಎಲ್ಲೆಲ್ಲೂ ಕಂಡಿದ್ದು ನಿಜ. ಬಂದಿದ್ದು 1922ರಲ್ಲಿ. ಬರೆದವರು ಆಸ್ವಾಲ್ಡ್ ಕೂಪರ್, ಅಚ್ಚುಮೊಳೆ ತಂದದ್ದು ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್.

ಬ್ಲೇಡ್45: ಜನ ರೆಟ್ರೊ ಅನ್ನೋದು 70ರದ್ದನ್ನೇ.

ದುಂಡಕ್ಷರ: ಇಂಕ್‌ಸ್ಕೇಪ್. ವೇರಿಯಬಲ್, ವೆಯ್ಟ್ 800.

ನೋಡ್‌ಪಾಯಿಂಟ್: ಸಿಕ್ತು. ವೇರಿಯಬಲ್ ಫಾಂಟಲ್ಲಿ ತೆಳು, ದಪ್ಪ ಮಾಸ್ಟರ್‌ಗಳೆರಡರಲ್ಲೂ (ಮೂಲ ಚಿತ್ರಗಳು) ನೋಡ್‌ಗಳ (ಗೆರೆಯ ಬಿಂದುಗಳು) ಸಂಖ್ಯೆ, ಕ್ರಮ ಒಂದೇ ಇರಬೇಕು. ಅದು ಸುಲಭವಾಗಲಿ ಅಂತ ಆರ್‌ನ ಕಂಬ ಬೇರೆ, ಕಾಲು ಬೇರೆ ಬರೆದು ಒಂದರ ಮೇಲೊಂದು ಕೂರಿಸಿರ್ತಾರೆ. ಫಿಲ್ ಅದನ್ನ ಮುಚ್ಚುತ್ತೆ, ಸ್ಟ್ರೋಕ್ ಒಂದೊಂದರ ಸುತ್ತಲೂ ಓಡುತ್ತೆ.
ಟೆಕ್ಸ್ಟಿನ ಒಂದು ಪ್ರತಿ ಇಟ್ಕೊಂಡು, ಆಬ್ಜೆಕ್ಟ್ ಟು ಪಾತ್ (ಅಕ್ಷರ ಗೆರೆಯ ಆಕಾರ, ಅಂದ್ರೆ ಪಾತ್ ಆಗುತ್ತೆ), ಅನ್‌ಗ್ರೂಪ್, ಆಮೇಲೆ ಒಂದೊಂದೇ ಅಕ್ಷರ ಆರಿಸಿ ಯೂನಿಯನ್ (ಭಾಗಗಳು ಬೆಸೆದುಕೊಳ್ಳುತ್ತೆ). ಎಲ್ಲ ಒಟ್ಟಿಗೆ ಆರಿಸಿದ್ರೆ ಪದವೇ ಒಂದು ಪಾತ್ ಆಗುತ್ತೆ, ಸ್ಪೇಸಿಂಗ್ ತಿದ್ದೋಕಾಗಲ್ಲ. ಫಿಲ್ ರೂಲ್ (ಎಲ್ಲಿ ಬಣ್ಣ ತುಂಬಬೇಕು ಅನ್ನೋ ನಿಯಮ) ನಾನ್‌ಜೀರೊ ಇರಲಿ; ಈವನ್‌ಆಡ್ ಇದ್ರೆ ಅಕ್ಷರದ ಭಾಗಗಳು ಒಂದರ ಮೇಲೊಂದು ಬಿದ್ದ ಜಾಗ ತೂತಾಗುತ್ತೆ.

ಇಂಕ್‌ಟ್ರ್ಯಾಪ್: ಅಷ್ಟೆಲ್ಲ ಯಾಕೆ? ಸ್ಟ್ರೋಕ್ ಸ್ಟೈಲಲ್ಲಿ ಆರ್ಡರ್ ಬದಲಿಸಿ ಸ್ಟ್ರೋಕನ್ನ ಫಿಲ್ ಹಿಂದೆ ಕಳಿಸಿ. ಹೊರಗೆ ಅರ್ಧವೇ ಕಾಣೋದು, 12 ಪಾಯಿಂಟ್ ಕೊಡಿ. ಟೆಕ್ಸ್ಟ್ ಟೆಕ್ಸ್ಟಾಗೇ ಉಳಿಯುತ್ತೆ.

ದುಂಡಕ್ಷರ: ಪ್ರಿಂಟ್ ಅಲ್ಲ, ವಿನೈಲ್ ಪ್ಲಾಟರ್‌ಗೆ (ಸ್ಟಿಕರ್ ಹಾಳೆ ಕತ್ತರಿಸೋ ಯಂತ್ರ) ಹೋಗೋ ಫೈಲ್.

ನೋಡ್‌ಪಾಯಿಂಟ್: ಹಾಗಾದ್ರೆ ಆರ್ಡರ್ ಉಪಯೋಗಕ್ಕಿಲ್ಲ. ಬ್ಲೇಡ್ ಪಾತ್ ಹಿಡಿದೇ ಹೋಗೋದು. ಯೂನಿಯನ್ ಆದದ್ದನ್ನ ಡೂಪ್ಲಿಕೇಟ್ ಮಾಡಿ, ಫಿಲ್ ತೆಗೆದು ಸ್ಟ್ರೋಕ್ ಟು ಪಾತ್ (ಸ್ಟ್ರೋಕೇ ಪಾತ್ ಆಗುತ್ತೆ), ಬ್ರೇಕ್ ಅಪಾರ್ಟ್ (ಲೂಪ್‌ಗಳು ಬಿಡಿಬಿಡಿಯಾಗುತ್ತೆ). ಒಳಗಿನ ಲೂಪ್‌ಗಳನ್ನೆಲ್ಲ ಅಳಿಸಿ. ಉಳಿಯೋ ಹೊರಗೆರೆಯೇ ಅಕ್ಷರದ ಕೆಳಗೆ ಅಂಟಿಸೋ ಕೆಳಪದರ. ಇಂಗ್ಲಿಷ್ ಸಣ್ಣ ಇ ಅಕ್ಷರದ ಕಣ್ಣು (ಒಳಗಿನ ತೂತು) 5 ಪಾಯಿಂಟ್ ಎತ್ತರ ಇದ್ರೆ, 6 ಪಾಯಿಂಟ್ ಸ್ಟ್ರೋಕ್ ಮೇಲಿಂದ 3, ಕೆಳಗಿಂದ 3 ಬಂದು ಪೂರ್ತಿ ಮುಚ್ಚಿಬಿಡುತ್ತೆ. ಕಣ್ಣು ಮೇಲ್ಪದರದಲ್ಲಿ ಮಾತ್ರ ಇರಲಿ.

ದುಂಡಕ್ಷರ: ಆರ್, ಕೆ ಸರಿಹೋಯ್ತು. ಟಿ ಕಂಬದ ಪಕ್ಕ ಕೂದಲೆಳೆಯಷ್ಟು ಚೂರು ಉಳಿದಿದೆ.

ಬ್ಲೇಡ್45: ಸಿಂಪ್ಲಿಫೈ ಕೊಡಿ, ನೋಡ್ ಕಡಿಮೆ ಆಗುತ್ತೆ.

ನೋಡ್‌ಪಾಯಿಂಟ್: ಬೇಡ! ದುಂಡು ಅಂಚೆಲ್ಲ ಅಂಕುಡೊಂಕಾಗುತ್ತೆ. ಜೂಮ್ ಮಾಡಿ ಆ ಎರಡು ನೋಡ್ ಅಳಿಸಿದ್ರೆ ಸಾಕು.

ಬ್ಲೇಡ್45: ನನ್ನ ಪ್ಲಾಟರಲ್ಲಿ 60 ಡಿಗ್ರಿ ಬ್ಲೇಡ್, 0.25 ಮಿ.ಮೀ. ಆಫ್‌ಸೆಟ್ (ಬ್ಲೇಡಿನ ತುದಿ ನಡುವಿನಿಂದ ಸರಿದಿರೋ ದೂರ). ಇದಕ್ಕಿಂತ ಸಣ್ಣ ಕಣ್ಣೂ ಕಿತ್ತು ಬರದ ಹಾಗೆ ಕತ್ತರಿಸುತ್ತೆ. ಫೋಟೊ ಹಾಕ್ಲಾ?

ಇಂಕ್‌ಟ್ರ್ಯಾಪ್: ಹಾಕಿ. ಯಾವ ವಿನೈಲ್, ಒತ್ತಡ ಎಷ್ಟು ಗ್ರಾಂ?