ಬ್ಲಡ್ ಕ್ಯಾನ್ಸರ್ ಇರುವ ಮಗು ಮನೆಯಲ್ಲಿದೆ, ರಾತ್ರಿ ಜ್ವರ ಬಂದರೆ ಏನು ಮಾಡಬೇಕು?

ಪ್ರಶ್ನೆ (ಹಿರಿಯೂರು ಕಡೆಯ ಒಬ್ಬ ತಾಯಿ)

ನಮಸ್ಕಾರ ಸಿಸ್ಟರ್. ನನ್ನ ಮಗಳಿಗೆ 5 ವರ್ಷ. ನಾಲ್ಕು ತಿಂಗಳ ಹಿಂದೆ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾಯಿತು. ಫೈಲಿನಲ್ಲಿ ಎ.ಎಲ್.ಎಲ್. ಅಂತ ಬರೆದಿದ್ದಾರೆ, ಮಕ್ಕಳಲ್ಲಿ ಹೆಚ್ಚು ಕಾಣುವ ಬ್ಲಡ್ ಕ್ಯಾನ್ಸರ್ ಅಂತೆ. ಬೆಂಗಳೂರಿನಲ್ಲಿ ಕೀಮೋ ನಡೆಯುತ್ತಿದೆ, ಈಗ ಎರಡು ವಾರಕ್ಕೆ ಮನೆಗೆ ಕಳಿಸಿದ್ದಾರೆ. ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಮೈ ಬಿಸಿಯಾಯಿತು. ಅತ್ತೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ಹಣೆಗೆ ಒದ್ದೆ ಬಟ್ಟೆ ಹಾಕಿದರು. ಬೆಳಗ್ಗೆ ಹೊತ್ತಿಗೆ ಇಳಿದಿತ್ತು, ಆಟ ಆಡಿದಳು. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿದರೆ ಚೆನ್ನಾಗಿ ಬೈದರು. ಜ್ವರ ಇಳಿದಿದೆ, ಆದರೂ ಯಾಕೆ ಬೈಯಬೇಕು? ಬೆಂಗಳೂರು ನಮಗೆ 160 ಕಿಲೋಮೀಟರ್ ಆಗುತ್ತದೆ. ರಾತ್ರಿ ಹೊತ್ತು ಕಾರು ಮಾಡಿಕೊಂಡು ಹೋಗುವುದಾ? ಡಿಸ್ಚಾರ್ಜ್ ಮಾಡುವಾಗ ಹೇಳಿದ್ದರಲ್ಲಿ ಅರ್ಧ ನನ್ನ ತಲೆಗೇ ಹೋಗಿಲ್ಲ.

ಉತ್ತರ (ಮಕ್ಕಳ ಕ್ಯಾನ್ಸರ್ ವಾರ್ಡಿನ ನರ್ಸ್)

ನಮಸ್ಕಾರ ಅಮ್ಮ. ಮೊದಲು ಒಂದು ಕೆಲಸ ಮಾಡಿ. ಮಗಳನ್ನು ಮೊನ್ನೆಯಿಂದ ಯಾವ ಡಾಕ್ಟರೂ ನೋಡಿಲ್ಲ ಅಂದರೆ ಇವತ್ತೇ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಉಳಿದದ್ದನ್ನು ಆಮೇಲೆ ಓದಿ.

ಡಿಸ್ಚಾರ್ಜ್ ದಿನ ಹೇಳಿದ್ದು ತಲೆಗೆ ಹೋಗದಿರುವುದು ನಿಮ್ಮ ತಪ್ಪಲ್ಲ. ಬ್ಯಾಗು, ಬಿಲ್ಲು, ಬಸ್ಸಿನ ಗಡಿಬಿಡಿಯಲ್ಲಿ ನಾವು ಹತ್ತು ನಿಮಿಷಕ್ಕೆ ಎಲ್ಲ ಹೇಳಿ ಮುಗಿಸುತ್ತೇವೆ. ಯಾರ ತಲೆಗೆ ಹೋಗುತ್ತದೆ?

ಬೈದದ್ದು ಯಾಕೆ ಅಂದರೆ, ಕೀಮೋ ಆದ ಏಳರಿಂದ ಹದಿನಾಲ್ಕು ದಿನದ ಆಸುಪಾಸಿನಲ್ಲಿ ಮಗುವಿನ ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ಬೀಳುತ್ತದೆ. ರಿಪೋರ್ಟಿನಲ್ಲಿ ಎರಡು ಸಂಖ್ಯೆ ನೋಡಿ. ಒಟ್ಟು ಬಿಳಿ ರಕ್ತಕಣ 1800, ಅದರಲ್ಲಿ ನ್ಯೂಟ್ರೋಫಿಲ್ 20 ಪರ್ಸೆಂಟ್ ಅಂತಿಟ್ಟುಕೊಳ್ಳಿ. 1800ರಲ್ಲಿ ನೂರಕ್ಕೆ ಇಪ್ಪತ್ತು ಅಂದರೆ 360. ಸೋಂಕಿನ ಜೊತೆ ಹೊಡೆದಾಡುವ ಕಣ ಅಷ್ಟೇ ಇರುವುದು. 500ರ ಕೆಳಗೆ ಹೋದರೆ ನಾವು ಹೆದರುತ್ತೇವೆ. ಕೀವು ಕಟ್ಟುವುದಕ್ಕೂ ಈ ಕಣ ಬೇಕು. ಅದೇ ಇಲ್ಲದಾಗ ಗಾಯ ಕೆಂಪಾಗುವುದಿಲ್ಲ, ಕಫ ಬರುವುದಿಲ್ಲ. ಒಳಗೆ ಸೋಂಕು ಹರಡುತ್ತಿದ್ದರೂ ಹೊರಗೆ ಕಾಣುವ ಗುರುತು ಜ್ವರ ಒಂದೇ. ಆ ಒಂದು ಗುರುತನ್ನೂ ಪ್ಯಾರಾಸಿಟಮಾಲ್ ಅಳಿಸಿಬಿಡುತ್ತದೆ. ಜ್ವರ ಇಳಿದರೆ ಸೋಂಕು ಇಳಿದ ಹಾಗಲ್ಲ. ಬೆಳಗ್ಗೆ ಆಟ ಆಡಿದ ಮಗು ಮಧ್ಯಾಹ್ನ ಬಿ.ಪಿ. ಬಿದ್ದು ಐ.ಸಿ.ಯು.ಗೆ ಬಂದದ್ದನ್ನು ನೋಡಿದ್ದೇನೆ.

ಹಾಗಾಗಿ ಹಣೆ ಮುಟ್ಟಿ ನೋಡುವುದನ್ನು ನಂಬಬೇಡಿ. ಡಿಜಿಟಲ್ ಥರ್ಮಾಮೀಟರ್ ತನ್ನಿ. ಬಾಯಲ್ಲಿ ಹುಣ್ಣಿರುತ್ತದೆ, ಬಾಯಿಗೆ ಬೇಡ. ಮಲದ್ವಾರಕ್ಕಂತೂ ಬೇಡವೇ ಬೇಡ, ಅಲ್ಲಿ ಗೀರಿದರೂ ಸೋಂಕು ಹೋಗುತ್ತದೆ. ಕಂಕುಳಲ್ಲಿ ಇಟ್ಟು, ಕೈ ಒತ್ತಿ ಹಿಡಿದು, ಬೀಪ್ ಆಗುವ ತನಕ ಕಾಯಿರಿ. ನಮ್ಮ ಗೆರೆ 100.4 ಡಿಗ್ರಿ ಫ್ಯಾರನ್‌ಹೀಟ್. ಕಂಕುಳಲ್ಲಿ ಒಳಗಿನ ಜ್ವರಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದಕ್ಕೇ ನಾನು 100 ಬಂದರೇ ಫೋನ್ ಮಾಡಿ ಅನ್ನುತ್ತೇನೆ. ಹೊತ್ತು ಬರೆದಿಟ್ಟುಕೊಂಡು ಫೋನ್ ಮಾಡಿ, ಆಸ್ಪತ್ರೆಯವರು ಹೇಳುವ ತನಕ ಸಿರಪ್ ಕೊಡಬೇಡಿ.

ಇನ್ನೊಂದು ವಿಷಯ. ಸ್ಟಿರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಜ್ವರವೇ ಬರದೆ ಸೋಂಕು ಆಗಬಹುದು. ಮಗು ಸುಮ್ನೆ ಮಂಕಾಗಿ ಮಲಗಿದೆ, ಕೈಕಾಲು ತಣ್ಣಗಿದೆ, ಹೊಟ್ಟೆ ನೋವು ಅನ್ನುತ್ತಿದೆ, ಚಳಿ ಬಂದು ನಡುಗುತ್ತಿದೆ ಅಂದರೆ ಥರ್ಮಾಮೀಟರ್ 98 ತೋರಿಸಿದರೂ ಹೊರಡಿ. ಪೋರ್ಟ್ (ಔಷಧಿ ಹಾಕುವುದಕ್ಕೆ ಚರ್ಮದ ಕೆಳಗೆ ಇಟ್ಟಿರುವ ಸಾಧನ) ತೊಳೆದು ಸ್ವಲ್ಪ ಹೊತ್ತಿಗೆ ನಡುಕ ಬಂದರೂ ಹಾಗೇ.

ದೂರದ ಪ್ರಶ್ನೆ ನಿಜವಾದ ಪ್ರಶ್ನೆ. ಆಸ್ಪತ್ರೆ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ಮೊದಲ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು ಅನ್ನುವುದು ನಮ್ಮ ಲೆಕ್ಕ. ಬೆಂಗಳೂರು ಮುಟ್ಟುವುದಕ್ಕೇ ಮೂರು ಗಂಟೆ ಆದರೆ ಆ ಲೆಕ್ಕಕ್ಕೆ ಅರ್ಥ ಇಲ್ಲ. ಮೊದಲ ಡೋಸು ಹತ್ತಿರದಲ್ಲೇ ಆಗಬೇಕು. ಮುಂದಿನ ಸಲ ಹೋದಾಗ ನಿಮ್ಮ ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ. ಕಾಯಿಲೆ ಯಾವುದು, ಯಾವ ಕೀಮೋ ಯಾವತ್ತು ಆಯಿತು, ಜ್ವರ ಬಂದರೆ ಯಾವ ರಕ್ತ ಪರೀಕ್ಷೆ ಮಾಡಬೇಕು, ಯಾವ ಆಂಟಿಬಯೋಟಿಕ್ ಎಷ್ಟು ಕೊಡಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ಮಗು ಚೆನ್ನಾಗಿರುವ ದಿನವೇ ಅದನ್ನು ಹಿಡಿದುಕೊಂಡು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ ಮಕ್ಕಳ ಡಾಕ್ಟರಿಗೆ ಮುಖ ತೋರಿಸಿ ಬನ್ನಿ. ರಾತ್ರಿ ಎರಡು ಗಂಟೆಗೆ ಗುರುತಿಲ್ಲದ ಡಾಕ್ಟರಿಗೆ ಕಥೆ ಹೇಳುವುದು ಬಹಳ ಕಷ್ಟ. ಪತ್ರ ಪ್ಲಾಸ್ಟಿಕ್ ಕವರಿನಲ್ಲಿ, ಕವರು ಬಾಗಿಲ ಹಿಂದಿನ ಮೊಳೆಗೆ. ಗಾಡಿ ಇಲ್ಲ ಅಂದರೆ 108.

ಊರಿನ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಬೇಡಿ. ರಕ್ತ ಸೋರುವುದನ್ನು ನಿಲ್ಲಿಸುವ ಪ್ಲೇಟ್‌ಲೆಟ್ ಕಣ ಕಡಿಮೆ ಇದ್ದರೆ ಚುಚ್ಚಿದ ಕಡೆ ಒಳಗೇ ರಕ್ತ ಸೋರಿ ಗಡ್ಡೆ ಕಟ್ಟುತ್ತದೆ. ಐಬುಪ್ರೊಫೇನ್ ಇರುವ ನೋವಿನ ಸಿರಪ್ಪೂ ಬೇಡ.

ಅದೇ ತಾಯಿ

ಇವತ್ತು ತೋರಿಸಿಕೊಂಡು ಬಂದೆವು ಸಿಸ್ಟರ್. ನ್ಯೂಟ್ರೋಫಿಲ್ ಲೆಕ್ಕ ಹಾಕಿದರೆ 900 ಬಂತು. ಬೆಂಗಳೂರಿಗೆ ಫೋನ್ ಮಾಡಿದೆವು, ಮನೆಯಲ್ಲೇ ನೋಡಿಕೊಳ್ಳಿ, ಮತ್ತೆ ಜ್ವರ ಬಂದರೆ ಬನ್ನಿ ಅಂದರು. ಪಕ್ಕದ ಮನೆ ಹುಡುಗನಿಗೆ ಅಮ್ಮ ಆಗಿದೆ. ಶನಿವಾರ ಇವಳು ಅವನ ಜೊತೆ ಕೂತು ಟಿ.ವಿ. ನೋಡಿದ್ದಾಳೆ. ಅತ್ತೆ ಬೇವಿನ ಸೊಪ್ಪು ಕಟ್ಟಿದ್ದಾರೆ. ಇದನ್ನೂ ಹೇಳಬೇಕಾ?

ಉತ್ತರ

900 ಒಳ್ಳೆಯ ಸುದ್ದಿ. ಆದರೆ ಅಮ್ಮ ಆಗಿರುವುದನ್ನು ಈಗಲೇ ಫೋನ್ ಮಾಡಿ ಹೇಳಿ, ನಾಳೆಗೆ ಇಡಬೇಡಿ. ಪಕ್ಕದ ಮನೆ ಹುಡುಗ ಒಂದು ವಾರದಲ್ಲಿ ಸರಿಹೋಗುತ್ತಾನೆ. ಕೀಮೋ ನಡೆಯುತ್ತಿರುವ ಮಗುವಿಗೆ ಅದೇ ಚಿಕನ್‌ಪಾಕ್ಸ್ ಶ್ವಾಸಕೋಶಕ್ಕೆ, ಲಿವರಿಗೆ ಇಳಿಯಬಹುದು. ಗುಳ್ಳೆ ಏಳುವ ಮುಂಚೆಯೇ ತಡೆಯುವುದಕ್ಕೆ ದಾರಿ ಇದೆ. ಒಂದು ಇಮ್ಯುನೋಗ್ಲಾಬ್ಯುಲಿನ್ (ಸೋಂಕಿನ ವಿರುದ್ಧ ಸಿದ್ಧ ರಕ್ಷಣೆ ಕೊಡುವ) ಇಂಜೆಕ್ಷನ್ ಇದೆ, ಆದಷ್ಟು ಬೇಗ, 96 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು. ಅದು ಸಿಗದಿದ್ದರೆ ವೈರಸ್ ತಡೆಯುವ ಅಸೈಕ್ಲೋವಿರ್ ಮಾತ್ರೆ ಕೊಡುತ್ತಾರೆ. ಯಾವುದು ಅಂತ ನಿಮ್ಮ ಡಾಕ್ಟರು ಹೇಳುತ್ತಾರೆ. ಶನಿವಾರ ಎಷ್ಟು ಹೊತ್ತು ಕೂತಿದ್ದರು, ಹುಡುಗನಿಗೆ ಗುಳ್ಳೆ ಯಾವತ್ತು ಎದ್ದಿತು, ಇವೆರಡು ಕೇಳುತ್ತಾರೆ.

ಬೇವಿನ ಸೊಪ್ಪು ಬಾಗಿಲಿಗೆ ಇರಲಿ, ಅತ್ತೆಯ ಜೊತೆ ಜಗಳ ಬೇಡ. ನಮ್ಮ ಕಡೆ ಅಮ್ಮ ಆದರೆ ಔಷಧಿ ಕೊಡಬಾರದು ಅನ್ನುತ್ತಾರೆ, ಗೊತ್ತು. ಈ ಮಗುವಿನ ವಿಷಯದಲ್ಲಿ ಮಾತ್ರ ಆ ಮಾತು ನಡೆಯುವುದಿಲ್ಲ. ಗುಳ್ಳೆ ಎಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ ಆ ಮನೆಯವರು ಇತ್ತ ಬರುವುದು ಬೇಡ ಅಂತ ನೀವೇ ಹೇಳಿ.

ಒಬ್ಬರು ತಂದೆ (ಮೈಸೂರು)

ಸಿಸ್ಟರ್, ನನ್ನ ಮಗನಿಗೂ ಇದೇ ಕಾಯಿಲೆ, ಈಗ ಮೇಂಟೆನೆನ್ಸ್, ಅಂದರೆ ಕಾಯಿಲೆ ಮರಳದಂತೆ ಕೊಡುವ ಕೊನೆಯ ಹಂತದ ಚಿಕಿತ್ಸೆ, ಶುರುವಾಗಿದೆ. ಮನೆಯಲ್ಲೇ ಮಾತ್ರೆ. ನನ್ನ ಹೆಂಡತಿ ಈಗ ಗರ್ಭಿಣಿ, ಮಾತ್ರೆ ಅವಳೇ ಪುಡಿ ಮಾಡಿ ಕೊಡುತ್ತಾಳೆ. ಪರವಾಗಿಲ್ಲ ಅಲ್ವಾ?

ಉತ್ತರ

ಇಲ್ಲ, ಅದು ಅಪಾಯ! ಇವತ್ತಿನಿಂದ ಮಾತ್ರೆ ನಿಮ್ಮ ಕೆಲಸ. ಮರ್ಕ್ಯಾಪ್ಟೊಪ್ಯೂರಿನ್, ಮೆಥೋಟ್ರೆಕ್ಸೇಟ್ ಎರಡೂ ಕೀಮೋ ಔಷಧಿಗಳೇ, ಮಾತ್ರೆ ರೂಪದಲ್ಲಿವೆ ಅಷ್ಟೇ. ಗರ್ಭಿಣಿ ಮುಟ್ಟಬಾರದು, ಪುಡಿಯ ಧೂಳು ಮೂಗಿಗೂ ಹೋಗಬಾರದು. ಕುಟ್ಟಾಣಿಯಲ್ಲಿ ಕುಟ್ಟಬೇಡಿ. ಗ್ಲೌಸ್ ಹಾಕಿಕೊಂಡು, ಮಾತ್ರೆಯನ್ನು ಒಂದು ಚಮಚದಲ್ಲಿಟ್ಟು ನಾಲ್ಕು ಹನಿ ನೀರು ಬಿಡಿ. ಸ್ವಲ್ಪ ಹೊತ್ತಿಗೆ ತಾನೇ ಮೆತ್ತಗಾಗಿ ಕರಗುತ್ತದೆ. ಆ ಚಮಚ ಮಾತ್ರೆಗೇ ಇರಲಿ, ಒಗ್ಗರಣೆ ಡಬ್ಬಿ ಸೇರದಿರಲಿ. ಮಗನ ಮೂತ್ರ, ವಾಂತಿ ಒರೆಸುವಾಗಲೂ ಗ್ಲೌಸ್. ಅದನ್ನೂ ನೀವೇ ಮಾಡಿ.

ಈಗ ಮುಖ್ಯವಾದ ಮಾತು. ಮರ್ಕ್ಯಾಪ್ಟೊಪ್ಯೂರಿನ್ ದಿನಾ ಕೊಡುವುದು. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಕೆಲವು ಕಂಪನಿಯದು ಎರಡೂ ಹಳದಿ ಮಾತ್ರೆ, ಅದಲು ಬದಲಾಗುವುದು ಸುಲಭ. ಮೆಥೋಟ್ರೆಕ್ಸೇಟ್ ದಿನಾ ಕೊಟ್ಟರೆ ಬಾಯೆಲ್ಲ ಹುಣ್ಣಾಗಿ, ಕೌಂಟ್ ಪೂರ್ತಿ ಬಿದ್ದು, ಜೀವಕ್ಕೇ ಬರುತ್ತದೆ. ಒಬ್ಬ ಅಪ್ಪ ಒಂದು ಉಪಾಯ ಮಾಡಿದ್ದರು, ನನಗೆ ಬಹಳ ಇಷ್ಟವಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಶುಕ್ರವಾರದ ಚೌಕಕ್ಕೆ ಕುಂಕುಮದ ಬೊಟ್ಟು. ಬೊಟ್ಟು ಇರುವ ದಿನ ಮಾತ್ರ ಆ ಡಬ್ಬಿ ಬೀರುವಿನಿಂದ ಹೊರಗೆ ಬರುತ್ತಿತ್ತು.

ಮಗ ಚೆನ್ನಾಗಿದ್ದಾನೆ ಅಂತ ಮಾತ್ರೆ ತಪ್ಪಿಸಬೇಡಿ. ಮದುವೆ, ಜಾತ್ರೆ, ಊರಿನ ಹಬ್ಬ ಅಂತ ಬಿಟ್ಟುಹೋಗುವುದೇ ಜಾಸ್ತಿ. ನೂರರಲ್ಲಿ ಐದಕ್ಕಿಂತ ಹೆಚ್ಚು ಡೋಸು ತಪ್ಪಿದ ಮಕ್ಕಳಲ್ಲಿ ಕಾಯಿಲೆ ಮರಳುವ ಅಪಾಯ ಹೆಚ್ಚು ಅಂತ ಅಧ್ಯಯನದಲ್ಲೇ ಕಂಡಿದೆ. ಒಟ್ಟು ಎರಡರಿಂದ ಎರಡೂವರೆ ವರ್ಷದ ದಾರಿ ಇದು. ಕೊಟ್ಟ ಮೇಲೆ ವಾಂತಿ ಆದರೆ ನೀವೇ ಇನ್ನೊಂದು ಕೊಡಬೇಡಿ, ಫೋನ್ ಮಾಡಿ ಕೇಳಿ.

ಇನ್ನೊಬ್ಬರು

ನಮ್ಮ ಸಂಬಂಧಿಕರ ಮಗುವಿಗೆ ಪರಂಗಿ ಎಲೆ ರಸ, ಅಮೃತಬಳ್ಳಿ ಕಷಾಯ ಕೊಟ್ಟು ಪ್ಲೇಟ್‌ಲೆಟ್ ಏರಿತು. ಇವರೂ ಕೊಟ್ಟು ನೋಡಬಹುದು.

ಉತ್ತರ

ದಯವಿಟ್ಟು ಬೇಡ. ನಿಮ್ಮ ಉದ್ದೇಶ ಒಳ್ಳೆಯದೇ, ಬೇಜಾರು ಮಾಡಿಕೊಳ್ಳಬೇಡಿ. ಈ ಮಕ್ಕಳ ಎರಡು ಮಾತ್ರೆಗಳೂ ಲಿವರಿನ ಮೇಲೆ ಭಾರ ಹಾಕುತ್ತವೆ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಉದಾಹರಣೆಗಳನ್ನು ಕೋವಿಡ್ ಸಮಯದಲ್ಲಿ ನಮ್ಮ ದೇಶದ ಡಾಕ್ಟರುಗಳೇ ಬರೆದಿಟ್ಟಿದ್ದಾರೆ. ಹಸಿ ಎಲೆಯ ರಸದಲ್ಲಿ ಮಣ್ಣಿನ ಕ್ರಿಮಿ ಇರುತ್ತದೆ, ಅದನ್ನು ಕೌಂಟ್ ಬಿದ್ದಿರುವ ಮಗುವಿಗೆ ಕುಡಿಸುವುದಾ? ಕೀಮೋ ನಂತರ ಬಿದ್ದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ. ಹೆಸರು ರಸಕ್ಕೆ ಬರುತ್ತದೆ.

ಅದೇ ತಾಯಿ (ಹಿರಿಯೂರು)

ಫೋನ್ ಮಾಡಿದೆ, ಮಾತ್ರೆ ಬರೆದುಕೊಟ್ಟಿದ್ದಾರೆ. ಊಟದ ವಿಷಯ ಕೇಳುವುದು ಮರೆತೆ. ಮೊದಲು ಸ್ಟಿರಾಯ್ಡ್ ಕೊಡುವಾಗ ರಾತ್ರಿ ಎರಡಕ್ಕೆ ಎದ್ದು ಚಿತ್ರಾನ್ನ ಬೇಕು ಅಂತ ಅಳುತ್ತಿದ್ದಳು, ಮುಖ ಊದಿತ್ತು. ಈಗ ತಿನ್ನುವುದೇ ಇಲ್ಲ. ಮೊಸರು ಕೊಡಬಹುದಾ? ನೋಡುವುದಕ್ಕೆ ಬರುವವರೂ ಜಾಸ್ತಿ, ಎಲ್ಲರೂ ಬಿಸ್ಕೆಟ್, ಸೇಬು ತರುತ್ತಾರೆ.

ಉತ್ತರ

ಎರಡು ಗಂಟೆಯ ಚಿತ್ರಾನ್ನ ಸ್ಟಿರಾಯ್ಡ್ ಮಾಡಿಸುವ ಕೆಲಸ. ಹಠ, ಸಿಟ್ಟು ಕೂಡ. ಮುಂದೆ ಮತ್ತೆ ಬರುತ್ತದೆ. ಆಗ ಮಾತ್ರೆ ಊಟದ ಜೊತೆಗೇ ಕೊಡಿ, ಉಪ್ಪು ಕಡಿಮೆ ಮಾಡಿ, ಹಪ್ಪಳ, ಉಪ್ಪಿನಕಾಯಿ, ಚಿಪ್ಸ್ ಕಣ್ಣಿಗೆ ಬೀಳದ ಕಡೆ ಇಡಿ.

ಈಗ ತಿನ್ನದಿದ್ದರೆ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ. ಹುಣ್ಣಿದ್ದರೆ ಸಾರು ಉರಿಯುತ್ತದೆ, ಮಗುವಿಗೆ ಅದನ್ನು ಹೇಳುವುದಕ್ಕೆ ಬರುವುದಿಲ್ಲ. ಮೆತ್ತಗೆ ಬೇಯಿಸಿದ ಅನ್ನ ಬೇಳೆ, ತಣಿಸಿದ ರಾಗಿ ಗಂಜಿ, ಪೂರ್ತಿ ಬೆಂದ ಮೊಟ್ಟೆ. ಊಟ ಆದ ಮೇಲೆ ಉಪ್ಪು, ಅಡುಗೆ ಸೋಡ ಒಂದೊಂದು ಚಿಟಿಕೆ ಹಾಕಿದ ಕಾಯಿಸಿ ಆರಿದ ನೀರಲ್ಲಿ ಬಾಯಿ ಮುಕ್ಕಳಿಸಲಿ. ಮೊಸರಿನ ಬಗ್ಗೆ ಒಂದೊಂದು ಆಸ್ಪತ್ರೆ ಒಂದೊಂದು ಹೇಳುತ್ತದೆ, ನಿಮ್ಮವರು ಹೇಳಿದ್ದನ್ನೇ ಪಾಲಿಸಿ. ಎಲ್ಲರೂ ಒಪ್ಪುವುದು ಇಷ್ಟು: ಆಗಷ್ಟೇ ಬೇಯಿಸಿದ್ದು, ಕಾಯಿಸಿದ ಹಾಲು ನೀರು, ಸಿಪ್ಪೆ ಸುಲಿಯುವ ಬಾಳೆಹಣ್ಣು, ಕಿತ್ತಳೆ. ರಸ್ತೆ ಬದಿಯ ಕತ್ತರಿಸಿದ ಹಣ್ಣು ಬೇಡ, ನಿನ್ನೆಯ ಸಾರು ಬೇಡ.

ನೋಡುವುದಕ್ಕೆ ಬರುವವರನ್ನು ಜಗುಲಿಯಲ್ಲೇ ಕೂರಿಸಿ, ಕಾಫಿ ಅಲ್ಲೇ ಕೊಡಿ. ಕೆಮ್ಮು ನೆಗಡಿ ಇದ್ದವರು ಫೋನಲ್ಲೇ ಮಾತಾಡಲಿ. ಈ ಮಾತನ್ನು ಗಂಡಸರ ಕೈಲಿ ಹೇಳಿಸಿ, ಇಲ್ಲದಿದ್ದರೆ ಸೊಸೆಗೆ ಜಂಬ ಬಂತು ಅಂತ ಊರೆಲ್ಲ ಸುದ್ದಿಯಾಗುತ್ತದೆ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಪೋಲಿಯೋ ಹನಿ ಹಾಕಿಸುವ ಮುಂಚೆ ಆಶಾ ಕಾರ್ಯಕರ್ತೆಗೆ ಅಕ್ಕನ ಕಾಯಿಲೆ ಹೇಳಿ, ನಿಮ್ಮ ಡಾಕ್ಟರನ್ನೂ ಕೇಳಿ. ಬಾಯಿಗೆ ಹಾಕುವ ಹನಿಯ ಬದಲು ಇಂಜೆಕ್ಷನ್ ಕೊಡಿಸಬಹುದು.

ಖರ್ಚು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಸಿಗುತ್ತದೆ. ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ಟಿಕೆಟಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರ್ಮ್ ತುಂಬಿಸಿಕೊಳ್ಳಿ.

ಮತ್ತೆ, ರಾತ್ರಿ ಒಬ್ಬರೇ ಎಚ್ಚರ ಇರಬೇಡಿ. ಎರಡರ ತನಕ ನೀವು, ಆಮೇಲೆ ಅವರಪ್ಪ.

ಅದೇ ತಾಯಿ

ಥರ್ಮಾಮೀಟರ್ ತಂದೆವು ಸಿಸ್ಟರ್. ನಿನ್ನೆ ರಾತ್ರಿ ಅತ್ತೆ ಹಣೆ ಮುಟ್ಟಿ ಮತ್ತೆ ಬೆಚ್ಚಗಿದೆ ಅಂದರು. ನೋಡಿದರೆ 98.6. ಅರ್ಧ ಗಂಟೆ ಬಿಟ್ಟು ಅವರೇ ಇನ್ನೊಂದು ಸಲ ಇಡಿಸಿದರು, ಆಗಲೂ ಅಷ್ಟೇ. ಆಮೇಲೆ ತಮಗೂ ಒಂದು ಸಲ ಇಟ್ಟುಕೊಂಡು ನೋಡಿದರು.

ಉತ್ತರ

ಮಗುವಿಗೆ ಅದು ಬೇರೆಯೇ ಇರಲಿ ಅಮ್ಮ, ಅತ್ತೆಗೆ ಇನ್ನೊಂದು ತಂದುಕೊಡಿ. ಸೆಲ್ಲೂ ಒಂದು ಜಾಸ್ತಿ ತಂದಿಡಿ. ಅವರು ಬೆಚ್ಚಗಿದೆ ಅಂದಾಗಲೆಲ್ಲ ಬೈಯದೆ ಇಟ್ಟು ನೋಡಿ.