ಗದ್ದೆ ಬದುವಿನ ಮೇಲೆ ಎಳ್ಳು, ಚೆಂಡುಹೂವು: ಜಿಗಿಹುಳ ಕಡಿಮೆಯಾಗುತ್ತದೆಯೇ?

ನಾಲೆಕೊನೆ (ಮದ್ದೂರು)
ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ, ಎರಡು ಎಕರೆ ಭತ್ತ. ಆಗಸ್ಟ್ ಮೊದಲ ವಾರ ನಾಟಿ. ಹೊಡೆ ಬರುವ ಹೊತ್ತಿಗೆ ಕಂದು ಜಿಗಿಹುಳ ಬಿದ್ದು ಅಲ್ಲಲ್ಲಿ ಪೈರು ಸುಟ್ಟಂತಾಗುತ್ತದೆ. ಬದುವಿಗೆ ಕಳೆನಾಶಕ ಹೊಡೆದು ಬೋಳು ಬಿಡುವುದು ಇಲ್ಲಿನ ರೂಢಿ. ಬದುವಿನ ಮೇಲೆ ಹೂವಿನ ಗಿಡ ಹಾಕಿದರೆ ಹುಳ ಹತೋಟಿಗೆ ಬರುತ್ತದೆ ಎನ್ನುತ್ತಾರಲ್ಲ, ಯಾವ ಗಿಡ, ಎಷ್ಟು ಬೀಜ, ಯಾವಾಗ? ಇಲಿ ಸೇರಿಕೊಳ್ಳುವುದಿಲ್ಲವೇ? ಪಕ್ಕದ ಹತ್ತು ಗುಂಟೆಯಲ್ಲಿ ಬದನೆ, ಹೀರೆ ಇದೆ. ಅದಕ್ಕೂ ಉಪಯೋಗವಾದೀತೇ?

ಬದುಬೆಳೆ
ಒಂದೇ ಗಿಡ ಹಾಕುವುದಾದರೆ ಎಳ್ಳು ಹಾಕಿ ಅಣ್ಣ. ಜಿಗಿಹುಳ ಪೈರಿನ ಎಲೆಕವಚದೊಳಗೆ ಮೊಟ್ಟೆ ಇಡುತ್ತದೆ. ಅದೇ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು ಅದನ್ನು ಹಾಳು ಮಾಡುವ ಕಣಜಗಳಿವೆ. ಒಂದು ಮಿಲಿಮೀಟರೂ ಇರದ ಜೀವ ಅವು. ಮಕರಂದ ಸಿಕ್ಕರೆ ಹೆಚ್ಚು ದಿನ ಬದುಕಿ ಹೆಚ್ಚು ಮೊಟ್ಟೆ ಇಡುತ್ತವೆ. ಭತ್ತದ ಹೂವಿನಲ್ಲಿ ಮಕರಂದವೇ ಇಲ್ಲ, ಬೋಳು ಬದುವಿನಲ್ಲಂತೂ ಏನೂ ಇಲ್ಲ.

ಹೆಚ್ಚಿನವರು ಎಡವುವುದು ಸಮಯದಲ್ಲಿ. ಎಳ್ಳು ಹೂ ಬಿಡಲು 35-40 ದಿನ ಬೇಕು. ಜಿಗಿಹುಳ ಕಂಡ ಮೇಲೆ ಬಿತ್ತಿದರೆ ಹೂ ಬರುವಷ್ಟರಲ್ಲಿ ಪೈರು ಸುಟ್ಟಿರುತ್ತದೆ. ಕೆಸರು ಹೊಡೆಯುವಾಗ ಬದು ಕೆತ್ತಿ ಮಣ್ಣು ಮೆತ್ತುತ್ತೀರಲ್ಲ, ಆ ಮಣ್ಣು ಎರಡು ದಿನ ಆರಿದ ಕೂಡಲೇ ಒಂದಡಿಗೆ ಒಂದು ಕುಳಿಯಂತೆ ಮೂರ್ನಾಲ್ಕು ಕಾಳು ಹಾಕಿ, ಅರ್ಧ ಇಂಚಿಗಿಂತ ಆಳ ಬೇಡ. ಮೊಳೆತ ಮೇಲೆ ಕುಳಿಗೆ ಒಂದೇ ಗಿಡ ಉಳಿಸಿ. ನೂರು ಮೀಟರ್ ಬದುವಿಗೆ ಹತ್ತು ಗ್ರಾಂ ಬೀಜ ಧಾರಾಳ. ನಿಮ್ಮ ಎರಡು ಎಕರೆಗೆ ಐವತ್ತು ಗ್ರಾಂ ಇಟ್ಟುಕೊಂಡರೆ ಮಿಗುತ್ತದೆ. ಎಳ್ಳಿನ ಬೇರಿಗೆ ನಿಂತ ನೀರು ಆಗದು, ಬದುವಿನ ನೆತ್ತಿಯಲ್ಲೇ ಹಾಕಿ, ನೀರು ತಾಗುವ ಇಳಿಜಾರಿನಲ್ಲಿ ಬೇಡ.

ಎಳ್ಳಿನ ಜತೆ ಚೆಂಡುಹೂವೂ ಬೇಕಾದರೆ ಅದರ ಸಸಿಯನ್ನು ಭತ್ತದ ಒಟ್ಲು (ಸಸಿಮಡಿ) ಬಿಡುವಾಗಲೇ ಮಾಡಿಕೊಳ್ಳಿ. ನಾಟಿಯ ದಿನ ಬೀಜ ಹುಡುಕಿದರೆ ಆಗದು. ಜೋಳ, ರಾಗಿ ಬದುವಿಗೆ ಬೇಡವೇ ಬೇಡ, ಗುಲಾಬಿ ಕಾಂಡಕೊರಕ ಅವುಗಳ ಮೇಲೂ ಬೆಳೆದು ಭತ್ತಕ್ಕೆ ಇಳಿಯುತ್ತದೆ. ತಾನಾಗೇ ಹುಟ್ಟುವ ತುಂಬೆಯನ್ನು ಕೀಳಬೇಡಿ. ಗರಿಕೆ ಬದುವಿನ ಮಣ್ಣು ಹಿಡಿಯುತ್ತದೆ, ಸವರಿದರೆ ಸಾಕು.

ಜೇಡಬಲೆ
ಮೇಲಿನದಕ್ಕೆ ಒಪ್ಪಿಗೆ, ಆದರೆ ಎಳ್ಳು ಹಾಕಿ ಇಪ್ಪತ್ತನೇ ದಿನಕ್ಕೆ ಎಲೆ ಸುರುಳಿ ಹುಳಕ್ಕೆಂದು ಸಿಂಥೆಟಿಕ್ ಪೈರೆಥ್ರಾಯ್ಡ್ ಕೀಟನಾಶಕ ಹೊಡೆದರೆ ಎಲ್ಲ ವ್ಯರ್ಥ. ಆ ವಯಸ್ಸಿನ ಪೈರು ಕಳೆದುಕೊಂಡ ಎಲೆಯನ್ನು ಮತ್ತೆ ತುಂಬಿಕೊಳ್ಳುತ್ತದೆ. ಸಾಯುವುದು ಜೇಡ ಮತ್ತು ಜಿಗಿಹುಳದ ಮೊಟ್ಟೆ ಹೀರುವ ಮಿರಿಡ್ ತಿಗಣೆ. ಜಿಗಿಹುಳದ ಮೊಟ್ಟೆ ಎಲೆಕವಚದೊಳಗೆ ಭದ್ರವಾಗಿರುತ್ತದೆ, ಮರಿ ಹೊರಬಂದಾಗ ತಿನ್ನುವವರು ಯಾರೂ ಇರುವುದಿಲ್ಲ. ಹೊಡೆದ ಗದ್ದೆಯಲ್ಲೇ ಹುಳ ಹೆಚ್ಚಾಗುವ ಗುಟ್ಟು ಇದು. ಮಿರಿಡ್ ಅನ್ನು ಹಸಿರು ಜಿಗಿಹುಳವೆಂದು ತಿಳಿದು ಗಾಬರಿಯಾಗುವವರೂ ಇದ್ದಾರೆ. ಮಿರಿಡ್‌ನದು ತೆಳು ಮೈ, ಹಸಿರು ಬಣ್ಣ, ತಲೆಯ ಕಡೆ ಕಪ್ಪು, ಸರಸರ ಓಡುತ್ತದೆ. ಜಿಗಿಹುಳ ಮುಟ್ಟಿದರೆ ಹಾರುತ್ತದೆ.

ವಾರಕ್ಕೊಮ್ಮೆ ಗದ್ದೆಯ ಒಳಗೆ ಇಳಿದು ಇಪ್ಪತ್ತು ಬುಡ ತಟ್ಟಿ ನೋಡಿ, ಬದುವಿನಿಂದ ಕಂಡದ್ದು ಲೆಕ್ಕವಲ್ಲ. ಜೇಡವೇ ಇಲ್ಲದಿದ್ದರೆ ತೆಂಡೆಗೆ (ಬುಡದಿಂದ ಒಡೆದ ಒಂದು ಕವಲಿಗೆ) ಒಂದು ಹುಳ ಬಂದಾಗ ಔಷಧಿಯ ಯೋಚನೆ. ಬುಡಕ್ಕೊಂದು ಜೇಡ ಇದ್ದರೆ ತೆಂಡೆಗೆ ಎರಡರವರೆಗೂ ತಡೆಯಬಹುದು. ಗದ್ದೆಯ ನೀರನ್ನು ಮೂರು ದಿನ ಬಸಿದು, ಆಮೇಲೆ ಮತ್ತೆ ಕಟ್ಟಿ. ಯೂರಿಯಾ ಒಂದೇ ಸಲ ಸುರಿಯಬೇಡಿ, ಕಡು ಹಸಿರು ಪೈರಿನಲ್ಲಿ ಹುಳ ಬೇಗ ಹೆಚ್ಚುತ್ತದೆ. ನಾಟಿಯಲ್ಲಿ ಎರಡು-ಮೂರು ಮೀಟರಿಗೊಂದು ಅಡಿ ಅಗಲದ ಓಣಿ ಬಿಡುವುದು ಕೂಲಿಯವರಿಗೆ ಬೇಸರದ ಕೆಲಸ, ಆದರೂ ಬಿಡಿಸಿ. ಬುಡಕ್ಕೆ ಗಾಳಿ ಬೆಳಕು ಹೋಗುವುದು ಅಲ್ಲಿಂದಲೇ.

ಇಲಿಯ ಅನುಮಾನ ಸರಿಯೇ. ಅಗಲ ಬದು, ದಟ್ಟ ಪೊದೆ ಇದ್ದರೆ ಬಿಲ ಖಂಡಿತ. ಬದು ಒಂದಡಿ ಅಗಲ ಮೀರದಿರಲಿ. ಹಬ್ಬುವ ಅಲಸಂದೆ ಒಳಬದುಗಳಿಗೆ ಬೇಡ, ಬೇಕಾದರೆ ಗಿಡ್ಡ ತಳಿಯನ್ನು ಹೊರಬದುವಿಗೆ ಹಾಕಿ. ಎಳ್ಳು ನೆಟ್ಟಗೆ ಏಳುವುದರಿಂದ ಬುಡ ತೆರೆದೇ ಇರುತ್ತದೆ, ಬಿಲ ಕಣ್ಣಿಗೆ ಬೀಳುತ್ತದೆ.

ನಾಲೆಕೊನೆ (ಮದ್ದೂರು)
ಅಲಸಂದೆಗೆ ಕಪ್ಪು ಹೇನು ಬಂದರೆ ಹೊಡೆಯಬೇಕಲ್ಲ? ಕಾಂಡಕೊರಕಕ್ಕೂ ಎಳ್ಳೇ ಸಾಕೇ?

ಬದುಬೆಳೆ
ಹೊಡೆಯಬೇಡಿ. ಆ ಹೇನು ಭತ್ತಕ್ಕೆ ಬರುವುದಿಲ್ಲ, ಗುಲಗಂಜಿ ಹುಳಗಳು ಅದನ್ನು ತಿಂದು ಅಲ್ಲೇ ಮರಿ ಮಾಡುತ್ತವೆ. ಬದುವಿನ ಅಲಸಂದೆ ಮಾರುಕಟ್ಟೆಗಲ್ಲ ಎಂದುಕೊಳ್ಳಿ. ಹೂವಿನ ಜಾಗದಲ್ಲಿ ಎಲೆಗೊಂಚಲು ಬಂದ ಎಳ್ಳಿನ ಗಿಡವನ್ನು ಮಾತ್ರ ಕಿತ್ತು ಸುಟ್ಟುಬಿಡಿ, ಅದು ರೋಗ.

ಕಾಂಡಕೊರಕಕ್ಕೆ ಎಳ್ಳೊಂದನ್ನೇ ನಂಬಬೇಡಿ. ಪತಂಗ ಕಂಡ ಕೂಡಲೇ ಟ್ರೈಕೋಗ್ರಾಮ ಜಪಾನಿಕಮ್ ಕಾರ್ಡ್ (ಕೊರಕದ ಮೊಟ್ಟೆ ಹಾಳು ಮಾಡುವ ಪುಟ್ಟ ಕಣಜ ಒಳಗೆ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ಕಾಗದ) ಕಟ್ಟಿ, ಎಕರೆಗೆ ಎರಡು ಸಿಸಿ, ಅಂದರೆ ಸುಮಾರು 40,000 ಮೊಟ್ಟೆ, ವಾರಕ್ಕೊಮ್ಮೆ ಮೂರ್ನಾಲ್ಕು ಸಲ. ತುಂಡು ಮಾಡಿ ಸಂಜೆ ಹೊತ್ತು ಎಲೆಯ ಅಡಿಗೆ ಪಿನ್ ಮಾಡಿ. ಹಿಂದೆ ಮುಂದೆ ಒಂದು ವಾರ ಯಾವ ಕೀಟನಾಶಕವೂ ಬೇಡ. ಕಾರ್ಡನ್ನು ಮೋಟಾರ್ ಬೈಕಿನ ಪೆಟ್ಟಿಗೆಯಲ್ಲಿ ಬಿಸಿಲಿಗೆ ಬಿಟ್ಟರೆ ಕಟ್ಟುವುದು ಬರೀ ಕಾಗದ.

ಕೋಲುಜೇನು (ಮೈಸೂರು)
ತರಕಾರಿ ಮಾತು ಉಳಿಯಿತು. ಭತ್ತಕ್ಕೆ ಜೇನು ಬೇಕಿಲ್ಲ. ಆದರೂ ಭತ್ತ ಹೂ ಬಿಟ್ಟ ದಿನಗಳಲ್ಲಿ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಜೇನು ಪರಾಗಕ್ಕೆ ಬರುತ್ತದೆ, ಆ ಹೊತ್ತಲ್ಲಿ ಸ್ಪ್ರೇಯರ್ ಎತ್ತಬೇಡಿ.

ಬದನೆ ಹೂವಿನ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕು. ತುಡುವೆಗೆ (ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ) ಅದನ್ನು ಗುಂಯ್‌ಗುಟ್ಟಿ ಅಲುಗಿಸಲು ಬಾರದು. ನೀಲಿ ಪಟ್ಟೆಯ ಒಂಟಿ ಜೇನು, ಮರ ಕೊರೆಯುವ ಕರಿ ದುಂಬಿ ಅಲುಗಿಸುತ್ತವೆ. ಮೊದಲನೆಯದು ಮಣ್ಣಿನಲ್ಲಿ, ಎರಡನೆಯದು ಒಣಮರ, ಬಿದಿರಿನಲ್ಲಿ ಗೂಡು ಮಾಡುತ್ತದೆ. ಹಾಗಾಗಿ ಹೊರಬದುವಿನ ಒಂದು ಒಣ ಮಗ್ಗುಲನ್ನು ಕೆತ್ತದೆ ಬಿಡಿ, ಬೇಲಿಯ ಒಣ ಬಿದಿರನ್ನು ಒಲೆಗೆ ಒಯ್ಯಬೇಡಿ.

ಹೀರೆಯದು ಬೇರೆ ಲೆಕ್ಕ. ಹೂ ಅರಳುವುದೇ ಸಂಜೆ. "ಜೇನಿಗೆ ತೊಂದರೆಯಾಗದಂತೆ ಸಂಜೆ ಹೊಡೆಯಿರಿ" ಎಂಬ ಸಲಹೆ ಹೀರೆಗೆ ತಿರುಗುಬಾಣ, ಅದಕ್ಕೆ ಹೊಡೆಯಲೇಬೇಕಾದರೆ ಬೆಳಗ್ಗೆ. ಮಿಡಿ ಹಳದಿಯಾಗಿ ಉದುರುತ್ತಿದ್ದರೆ ಪರಾಗ ಸಿಕ್ಕಿಲ್ಲದಿರಬಹುದು. ಸಂಜೆ ಆರರ ಸುಮಾರಿಗೆ ಗಂಡು ಹೂ ಕಿತ್ತು ನಾಲ್ಕೈದು ಹೆಣ್ಣು ಹೂಗಳಿಗೆ ಒರೆಸಿ, ಗುರುತಿಗೆ ದಾರ ಕಟ್ಟಿ. ದಾರ ಕಟ್ಟಿದವು ನಿಂತು ಉಳಿದವು ಉದುರಿದರೆ ಗೊಬ್ಬರದ ದೋಷವಲ್ಲ, ಪರಾಗದ ಕೊರತೆ.