ಚಳಿ ಯಾರಿಗೆ, ಹಸುವಿಗೋ ಕೆಂಚಣ್ಣನಿಗೋ?

ಧನುರ್ಮಾಸದ ಬೆಳಗ್ಗೆ ಆರೂವರೆ. ಡೈರಿ ಮುಂದೆ ಕ್ಯಾನುಗಳು ಸಾಲಾಗಿ ನಿಂತಿವೆ, ಅವುಗಳ ಒಡೆಯರು ಮಫ್ಲರ್ ಒಳಗಿದ್ದಾರೆ. ರಾಗಿ ಒಕ್ಕಣೆ ಮುಗಿದು ಊರೆಲ್ಲ ಮತ್ತೆ ಕೊಟ್ಟಿಗೆ ಕಡೆ ಮುಖ ಮಾಡಿರೋ ಹೊತ್ತು.

"ಏನ್ ಕೆಂಚಣ್ಣ, ಹಾಲು ಅರ್ಧ ಕ್ಯಾನೂ ಇಲ್ವಲ್ಲ?" ಸೀನ ಕೆಣಕಿದ.

"ಚಳಿ ಕಣೋ. ಹಸು ನಡುಗೀತು ಅಂತ ನಾಲ್ಕೂ ಕಡೆ ಟಾರ್ಪಾಲ್ ಕಟ್ಟಿದೀನಿ, ಸೊಳ್ಳೆಗೆ ಹೊಗೆನೂ ಹಾಕಿದೀನಿ. ಒಂದೆಳೆ ಗಾಳಿ ಒಳಗೆ ಬರಂಗಿಲ್ಲ."

"ಹೊರಗೂ ಹೋಗಂಗಿಲ್ಲ," ಅಂದಳು ಜಯಕ್ಕ. "ರಾತ್ರಿಯೆಲ್ಲ ಗಂಜಲದ ಘಾಟು, ಮೇಲೆ ಹೊಗೆ. ನಾಳೆ ಬೆಳಗಿನ ಜಾವ ಹಸು ಮೂತಿ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತು ಹತ್ತು ಉಸಿರು ತಗೋ. ಕಣ್ಣಲ್ಲಿ ನೀರು ಬಂದ್ರೆ ಅದು ಹಸು ಮೇಲಿನ ಪ್ರೀತಿ ಅಲ್ಲ, ಅಮೋನಿಯಾ. ಹಸುಗೆ ಕೆಮ್ಮು ಬರೋದೇ ಅದರಿಂದ."

"ಹಂಗಾದ್ರೆ ಚಳೀಲಿ ಸಾಯ್ಲಿ ಅಂತೀಯಾ?"

"ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೇಲಿ ಹಳ್ಳಿಕಾರ್ ಎತ್ತುಗಳು ಇದೇ ಚಳೀಲಿ ಬರೀ ಪೆಂಡಾಲ್ ಕೆಳಗೆ ನಿಂತಿರ್ತವೆ. ನಡುಗೋರು ಅವನ್ನ ಕಟ್ಟಿದೋರು, ಎತ್ತಲ್ಲ. ದನದ ಮೈ ಶಾಖ 101-102 ಡಿಗ್ರಿ ಫ್ಯಾರನ್‌ಹೀಟ್, ತಿಂದ ಹುಲ್ಲು ಹೊಟ್ಟೇಲಿ ಹುಳಿಯೋವಾಗಲೇ ಕಾವು ಹುಟ್ತದೆ. ಅದಕ್ಕೇ ರಾತ್ರಿ ಮಲಗೋ ಮುಂಚೆ ಇನ್ನೊಂದು ಹೊರೆ ರಾಗಿ ಹುಲ್ಲು ಹಾಕು. ಟಾರ್ಪಾಲ್ ಮೂಡಗಾಳಿ ಬೀಸೋ ಕಡೆ ಮಾತ್ರ ಇರ್ಲಿ, ಸೂರಿನ ಕೆಳಗೆ ಒಂದಡಿ ಸಂದಿ ಬಿಡು. ಒದ್ದೆ ನೆಲ ಮಾತ್ರ ಆಗಲ್ಲ. ತಿಂದು ಬಿಟ್ಟ ಹುಲ್ಲನ್ನ ನಾಲ್ಕು ಬೆರಳು ದಪ್ಪ ಹಾಸಿ ಮಂಡಿಯೂರಿ ನೋಡು. ಪಂಚೆ ಒದ್ದೆಯಾದ್ರೆ ಹಾಸು ಬದಲಾಯಿಸು, ಇಲ್ದಿದ್ರೆ ಕೆಚ್ಚಲು ಬಾವು ಗ್ಯಾರಂಟಿ."

"ನಾನು ಐದು ಗಂಟೆಗೇ ಮೈ ತೊಳ್ದು ಹಾಲು ಕರೀತೀನಿ, ಕ್ಲೀನಾಗಿ."

"ನೀನು ಐದು ಗಂಟೆಗೆ ತಣ್ಣೀರು ಸ್ನಾನ ಮಾಡ್ತೀಯಾ?"

ಕೆಂಚಣ್ಣ ಮಫ್ಲರ್ ಸರಿಮಾಡ್ಕೊಂಡ.

"ಕೆಚ್ಚಲು ಮಾತ್ರ ಉಗುರುಬೆಚ್ಚಗಿನ ನೀರಲ್ಲಿ ತೊಳ್ದು, ಒಣಬಟ್ಟೇಲಿ ಒರೆಸು. ಮೈ ತೊಳೆಯೋದು ಹನ್ನೊಂದರ ಬಿಸಿಲಿಗೆ. ಕರೆದ ಮೇಲೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸ್ಕೋ, ಮೊಲೆಯ ತೂತು ಮುಚ್ಚೋವರೆಗೂ ಮಲಗಬಾರ್ದು."

"ಹಾಲು ಇಳಿದಿರೋದು ನೀರಿಂದಲೂ ಇರಬಹುದು ಜಯಕ್ಕ," ಸೀನ ಅಂದ. "ಲೀಟರ್ ಹಾಲಿಗೆ ಮೂರು-ನಾಲ್ಕು ಲೀಟರ್ ನೀರು ಬೇಕಂತೆ."

"ಬೇಕು. ತೊಟ್ಟೀಲಿ ರಾತ್ರಿಯೆಲ್ಲ ತಣ್ಣಗಾದ ನೀರನ್ನ ಮೂಸಿ ಬಿಡ್ತದೆ. ಬೋರ್‌ನಿಂದ ಆಗತಾನೆ ಬಂದ ನೀರು ಬೆಚ್ಚಗಿರ್ತದೆ, ಅದನ್ನ ಕುಡಿಸ್ಬೇಕು. ಕೆಲವರು ಹಸುಗೆ ಯಾಕೆ ಕಷ್ಟ ಅಂತ ನೇರವಾಗಿ ಕ್ಯಾನಿಗೇ ಕುಡಿಸ್ತಾರೆ."

ಸೆಕ್ರೆಟರಿ ಹಾಲು ಪರೀಕ್ಷಿಸೋ ಲ್ಯಾಕ್ಟೋಮೀಟರ್ ಎತ್ತಿ ಸಾಲಿನ ಕಡೆ ನೋಡಿದ. ಎಲ್ಲರಿಗೂ ಒಟ್ಟಿಗೆ ಕೆಮ್ಮು ಬಂತು.

"ನಮ್ಮದು ಇವತ್ತೋ ನಾಳೆಯೋ ಕರು ಹಾಕ್ತದೆ," ಅಂದ ಗಂಗಣ್ಣ.

"ಕರು ಲೆಕ್ಕ ಬೇರೆ. ಅದರ ಹೊಟ್ಟೇಲಿ ಇನ್ನೂ ಹುಲ್ಲಿಲ್ಲ, ಕಾವೂ ಇಲ್ಲ. ಗೋಣಿತಾಟಲ್ಲಿ ಮೈ ಉಜ್ಜಿ ಪೂರ್ತಿ ಒಣಗಿಸು, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚು. 30 ಕೆಜಿ ಕರುವಿಗೆ ಮೊದಲ ದಿನ 3 ಲೀಟರ್ ಗಿಣ್ಣುಹಾಲು, ಅದರಲ್ಲಿ ಅರ್ಧ ಎರಡು ಗಂಟೆ ಒಳಗೇ ಹೋಗ್ಬೇಕು. ಕಸ, ಅಂದ್ರೆ ಮಾಸು, ಬೀಳ್ಲಿ ಅಂತ ಕಾಯ್ಬೇಡ."

"ಮನೇಲಿ ಬೆಲ್ಲ, ಏಲಕ್ಕಿ ಕುಟ್ಟಿ ಕಾಯ್ತಾವ್ರೆ."

"ಕರು ಕುಡಿದು ಮಿಕ್ಕಿದ್ದು ನಿಮಗೆ. ನಿಮಗೆಲ್ಲ ಹಲ್ಲು ಬಂದಿದೆ."

ಅವರೆಕಾಯಿ ಮಾತು ಬಂತು. ಈ ತಿಂಗಳು ಹಿತಕಿದ ಬೇಳೆ ಸಾರು ಮನೆಯವರಿಗೆ, ಸಿಪ್ಪೆ ಹಸುಗೆ. ಕುಕ್ಕೆಗಟ್ಟಲೆ ಸುರೀತಾರೆ.

"ಇಬ್ಬನಿ ಬಿದ್ದ ಹಸಿ ಸಿಪ್ಪೇನ ಖಾಲಿ ಹೊಟ್ಟೆಗೆ ಹಾಕಿದ್ರೆ ಎಡಪಕ್ಕ ತಮಟೆ ಹಂಗೆ ಊದ್ಕೊಳ್ತದೆ," ಅಂದಳು ಜಯಕ್ಕ. "ಅರ್ಧ ದಿನ ಬಾಡಿಸಿ, ಮೊದಲು ಒಣಹುಲ್ಲು ತಿನ್ನಿಸಿ, ಆಮೇಲೆ ಸ್ವಲ್ಪ ಕೊಡಿ. ಊದ್ಕೊಂಡ್ರೆ ಡಾಕ್ಟರಿಗೆ ಫೋನ್ ಮಾಡಿ. ಅವರು ಬರೋವರೆಗೆ ಕಾಲು ಲೀಟರ್ ಕಡ್ಲೆಕಾಯಿ ಎಣ್ಣೆ, ನಿಧಾನವಾಗಿ ಕುಡಿಸಿ. ಕುಡಿಸೋವಾಗ ತಲೆ ಆಕಾಶಕ್ಕೆ ಎತ್ತಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಹೋದ್ರೆ ಉಬ್ಬರಕ್ಕಿಂತ ಕಷ್ಟ."

ಸೀನನ ಚಿಂತೆ ನೂರು ಕೋಳಿಮರಿ. "ಜಯಕ್ಕ, ಮರಿ ಇರೋ ಜಾಗ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಇರ್ಬೇಕು, ಆಮೇಲೆ ವಾರಕ್ಕೆ 5 ಇಳಿಸ್ಬೇಕು ಅಂತ ಗೊತ್ತು. ಥರ್ಮಾಮೀಟರ್ ಕೆಟ್ಟಿದೆ."

"ನೂರು ಥರ್ಮಾಮೀಟರ್ ಚಿಯ್ ಚಿಯ್ ಅಂತಾವಲ್ಲ, ಅವನ್ನೇ ನೋಡು. ಬಲ್ಬ್ ಕೆಳಗೆ ಒಂದರ ಮೇಲೊಂದು ಬಿದ್ರೆ ಚಳಿ. ಬಾಯಿ ಬಿಟ್ಕೊಂಡು ಸುತ್ತ ಕಟ್ಟಿದ ತಗಡಿನ ಅಂಚಿಗೆ ಓಡಿದ್ರೆ ಸೆಕೆ. ಎಲ್ಲ ಒಂದೇ ಮೂಲೆ ಹಿಡಿದ್ರೆ ಎದುರು ಕಡೆಯಿಂದ ಗಾಳಿ ನುಗ್ತಿದೆ. ಮರಿಗೆ 2 ವ್ಯಾಟ್‌ನಂತೆ 100 ವ್ಯಾಟ್‌ದು ಎರಡು ಹಳೇ ಬಲ್ಬ್ ಹಾಕು. ಎಲ್‌ಇಡಿ ಹಾಕಿ ಕೂರಬೇಡ, ಅದು ಬೆಳಕು ಕೊಡ್ತದೆ, ಬಿಸಿ ಕೊಡಲ್ಲ."

"ಕರೆಂಟ್ ಹೋದ್ರೆ?"

"ಹೋದ್ರೆ ಏನು ಬಂತು, ಹೋಗೇ ಹೋಗ್ತದೆ. ಇದ್ದಲನ್ನ ಹೊರಗೇ ಹೊತ್ತಿಸಿ, ಹೊಗೆ ನಿಂತು ಕೆಂಡ ಆದ್ಮೇಲೆ ಮಡಕೇಲಿ ತಂದಿಡು. ಸುತ್ತ ಜಾಲರಿ ಇರ್ಲಿ, ಕಿಟಕಿ ಮೇಲ್ಭಾಗ ತೆಗೆದಿರ್ಲಿ."

"ರಾತ್ರಿ ಎರಡು ಗಂಟೆಗೆ ಎದ್ದು ಕೆಂಡ ಮಾಡೋರ್ಯಾರು?"

"ಮರಿ ತಂದೋರು," ಅಂತ ಜಯಕ್ಕ ಕ್ಯಾನ್ ಎತ್ಕೊಂಡು ಮುಂದಕ್ಕೆ ಹೋದಳು.